ಮೇದಪ್ಪನವರಿಗೆ ಯಾವ ಪ್ರಸಂಗ

ಕಡಬದಿಂದ ಪೆರಾಬೆ ಕಡೆಗೆ ಇಪ್ಪತ್ತೆಂಟು ವರ್ಷ ಬಾಡಿಗೆ ಜೀಪು ಓಡಿಸಿದ ಮೇದಪ್ಪನವರು ಹಾರ್ನ್ ಹೊಡೆದು ಜನ ಕರೆದದ್ದೇ ಇಲ್ಲ. ಸ್ವರವೇ ಸಾಕಿತ್ತು. ಜೀಪು ತುಂಬಿ ಹಿಂದೆ ನಾಲ್ಕು ಜನ ಜೋತುಬಿದ್ದ ಮೇಲೂ, "ಬನ್ನಿ ಮಾರಾಯ್ರೆ, ಜಾಗ ಉಂಟು. ಕೂತವರು ಉಸಿರು ಸ್ವಲ್ಪ ಸಣ್ಣ ಮಾಡಿಕೊಳ್ಳಿ!" ಎನ್ನುತ್ತಿದ್ದರು. ಜನ ನಗುತ್ತಾ ಒತ್ತಿಕೊಳ್ಳುತ್ತಿದ್ದರು.

ಶನಿವಾರ ಸಂಜೆ ಅದೇ ಸ್ವರ ಭಜನಾ ಮಂದಿರದ ತಾಳಮದ್ದಳೆಗೆ ಹೋಗುತ್ತಿತ್ತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ, ಅಂದರೆ ಆ ದಿನಕ್ಕೆ ಆರಿಸಿದ ಕಥೆಯ, ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಚಾಪೆಯ ಮೇಲೆ ಕೂತಲ್ಲಿಯೇ ರಾಜನೋ ರಾಯಭಾರಿಯೋ ಆಗಿ ಅದರ ಅರ್ಥವನ್ನು ಮಾತಿನಲ್ಲಿ ಹೇಳಿ ವಾದ ಮಾಡುತ್ತಾರೆ. ರಾಯಭಾರಿಯ ಪಾತ್ರಕ್ಕೆ ಮೇದಪ್ಪನವರೇ ಬೇಕು ಎಂದು ಸುಳ್ಯದಿಂದಲೂ ಹೇಳಿ ಕಳಿಸುತ್ತಿದ್ದರು.

ಹೋದ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಜೋತುಬಿದ್ದವು. ಪುತ್ತೂರಿನ ಆಸ್ಪತ್ರೆಯಿಂದ ಹದಿನೆಂಟು ದಿನದ ಮೇಲೆ ಮನೆಗೆ ಬಂದಾಗ ಕಾಲು ಬಂದಿತ್ತು, ಕೈ ಅರ್ಧ ಬಂದಿತ್ತು, ಮಾತು ಬಂದಿರಲಿಲ್ಲ. ಹೇಳಬೇಕಾದದ್ದೆಲ್ಲ ತಲೆಯಲ್ಲಿ ಉಂಟು, ನಾಲಗೆಗೆ ಇಳಿಯುವುದಿಲ್ಲ ಎಂದರು ಡಾಕ್ಟರು. "ಮಾತಾಡಿಸ್ತಾ ಇರಿ. ಸುಮ್ಮನೆ ಕೂರಲಿಕ್ಕೆ ಬಿಟ್ಟರೆ ಇದ್ದದ್ದೂ ಹೋದೀತು."

ಆ ಮಾತನ್ನು ಮನೆಯಲ್ಲಿ ಉಳಿದವರು ಕೇಳಿ ಮರೆತರು. ಸೊಸೆ ಭವಿತಾ ಮರೆಯಲಿಲ್ಲ. ಮೈಸೂರಿನಲ್ಲಿ ಓದಿ ಬೆಳೆದು ಕೋಡಿಂಬಾಳಕ್ಕೆ ಮದುವೆಯಾಗಿ ಬಂದವಳು, ಕಡಬದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಹೆದರಲು ಅವಳಿಗೆ ಕಾರಣವೇ ಬೇಡ. ನೆಲ ಒದ್ದೆಯಾದರೆ ಮಾವ ಜಾರುತ್ತಾರೆ, ಮೂರು ವರ್ಷದ ಮಗಳು ಯಶಸ್ವಿ ಎರಡು ಸಲ ಕೆಮ್ಮಿದರೆ ನ್ಯುಮೋನಿಯಾ. ಚಿತ್ರದ ಕಾರ್ಡು ಹಿಡಿದು "ಇದೆಂತ ಮಾವ? ಬಾಳೆಹಣ್ಣು... ಕೊಡೆ..." ಎಂದು ಒಂದು ವಾರ ಕೂತಳು. ಎಂಟನೇ ದಿನ ಮೇದಪ್ಪನವರು ಕೊಡೆಯ ಕಾರ್ಡನ್ನು ಅಂಗಳಕ್ಕೆ ಎಸೆದರು.

ಕೊನೆಗೆ ಅವರನ್ನು ಮಾತಿಗೆ ಎಳೆದದ್ದು ಅವಳ ಹಾಸ್ಟೆಲಿನ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗೆ ಕಳ್ಳನೋ ಮಾಂತ್ರಿಕನೋ ಆಗಿ "ನಾನು ಹೀಗೆ ಮಾಡ್ತೇನೆ" ಎನ್ನಬೇಕು. ಆದೀತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಮೂವರು ಆಡುತ್ತಿದ್ದರು: ಕಥೆ ನಡೆಸುವ ಭವಿತಾ, ಲ್ಯಾಬಿನ ಜೊತೆಗಾತಿ ಝುಹ್ರಾ, ಝೆರಾಕ್ಸ್ ಅಂಗಡಿಯ ಹರ್ಷಿತ್. ಮೇದಪ್ಪನವರು ಆರಾಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾಲ್ಕನೇ ಭಾನುವಾರ ಕುರ್ಚಿಯನ್ನು ಎಳೆದು ಹತ್ತಿರ ತಂದರು.

"ಇದು... ತಾಳಮದ್ದಳೆಯೇ," ಎಂದರು, ಒಂದೊಂದೇ ಶಬ್ದ ಹುಡುಕಿ. "ಮದ್ದಳೆ... ಇಲ್ಲ. ಅಷ್ಟೇ."

ಆವತ್ತಿನಿಂದ ಅವರು ಕೊಡಲಿ ಹಿಡಿದ ಕಾವಲುಗಾರ. ಕಲಿಯುವವರಿಗೆಂದು ಪುಸ್ತಕವಾಗಿ ಅಚ್ಚಾದ ಸಣ್ಣ ಸಾಹಸದ ಕಥೆಯೊಂದನ್ನು ನಾಲ್ವರೂ ಮೂರು ತಿಂಗಳಲ್ಲಿ ಮುಗಿಸಿದರು. ಎರಡು ಶಬ್ದದ ವಾಕ್ಯ ಐದು ಶಬ್ದಕ್ಕೆ ಬಂತು. ಮಾವ ಎಲ್ಲಿಯಾದರೂ ತಡವರಿಸಿದರೆ ಭವಿತಾ ತಕ್ಷಣ ಆ ಶಬ್ದ ಎತ್ತಿಕೊಡುತ್ತಿದ್ದಳು. ಆಟ ಮುಗಿದ ಕೂಡಲೇ ಯಶಸ್ವಿ ನುಂಗಿಯಾಳೆಂದು ಆಟದ ಬೇರೆ ಬೇರೆ ಮುಖದ ಏಳು ದಾಳವನ್ನೂ ಎಣಿಸಿ ಡಬ್ಬಿಗೆ ಹಾಕುತ್ತಿದ್ದಳು.

ಈಗ ಮುಂದಿನದ್ದು ಯಾವುದು ಎಂಬ ಪ್ರಶ್ನೆ ಬಂತು. ಅಚ್ಚಾದ ದೊಡ್ಡ ಸಾಹಸಮಾಲೆಗಳನ್ನು ಹುಡುಕಿ ಸೋಸಿದ ಮೇಲೆ ಎರಡು ಅವಳ ಫೋನಿನಲ್ಲಿ ಉಳಿದವು. ಎರಡಕ್ಕೂ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರು. ಇವರ ಬಾಯಲ್ಲಿ ಒಂದು "ಬೆಟ್ಟ", ಇನ್ನೊಂದು "ಬಂದರು". ಬೆಟ್ಟದ್ದು ಆರು ಪುಸ್ತಕ. ಗುಹೆ ಇಳಿಯುವುದು, ರಾಕ್ಷಸರನ್ನು ಕಡಿಯುವುದು, ಮತ್ತೆ ಇಳಿಯುವುದು. ಆಡಿದವರೆಲ್ಲ ಹೊಗಳಿದ್ದರು. ಬಂದರಿನದ್ದು ನಾಲ್ಕೇ ಪುಸ್ತಕ. ದರ್ಬಾರು, ಸಂಧಾನ, ಒಳಸಂಚು. ಮೂರನೇ ಪುಸ್ತಕದಲ್ಲಿ ಒಂದು ಕತ್ತಿಯೂ ಒರೆಯಿಂದ ಹೊರಗೆ ಬರುವುದಿಲ್ಲ ಎಂದು ಯಾರೋ ಸಿಟ್ಟಿನಲ್ಲಿ ಬರೆದಿದ್ದರು.

ಭವಿತಾ ನಾಲ್ಕು ದಿನ ಒದ್ದಾಡಿದಳು. ಒಂದು ಹಾಳೆಯಲ್ಲಿ ಗೆರೆ ಎಳೆದು ಎರಡರ ಗುಣದೋಷ ಬರೆದಳು. ಬಂದರಿನ ಕಥೆ ಓದಿದಾಗ ಅವಳಿಗೇ ಆಸೆಯಾಗಿತ್ತು. ಆದರೆ ಬಂದರಿನ ರಾಣಿಯ ಮುಂದೆ ನಿಂತು ಮಾವ ಶಬ್ದ ಸಿಗದೆ ಬೆವರುವುದು ಕಣ್ಣಿಗೆ ಕಟ್ಟಿತು. ಬೆಟ್ಟವಾದರೆ ಒಳ್ಳೆಯದು. ದಾಳ ಹಾಕಿದರೆ ಆಯಿತು, ಮಾತು ಬೇಕಿಲ್ಲ.

ಭಾನುವಾರ ಹೇಳಿದಳು. ಹರ್ಷಿತ್ ಕೈ ತಟ್ಟಿದ. "ಪ್ರಿಂಟ್ ನಾನು ತೆಗಿತೇನೆ. ರಾಕ್ಷಸರದ್ದೆಲ್ಲ ಕಲರಿನಲ್ಲಿ!"

"ನಿಂಗೆ ಕಡಿಯುದು ಒಂದು ಸಿಕ್ಕಿದರೆ ಸಾಕು," ಎಂದಳು ಝುಹ್ರಾ. "ಮನೆಯಲ್ಲಿ ಒಂದು ತೆಂಗಿನಕಾಯಿ ಸುಲಿದು ಗೊತ್ತಿಲ್ಲ."

ಮೇದಪ್ಪನವರು ಸೊಸೆಯ ಹಾಳೆಯ ಕಡೆ ಕೈ ತೋರಿಸಿದರು. "ಇನ್ನೊಂದು?"

"ಅದರಲ್ಲಿ ಬರೀ ಮಾತು ಮಾವ. ನಿಮಗೆ ಕಷ್ಟ ಆಗುದು ಬೇಡ ಅಂತ..."

ಮೇದಪ್ಪನವರು ಕೈಯಲ್ಲಿದ್ದ ದಾಳವನ್ನು ಡಬ್ಬಿಗೆ ಹಾಕಿದರು. ಮುಚ್ಚಳವನ್ನೂ ಅವರೇ ಹಾಕಿದರು. ಎದ್ದು ಅಂಗಳ ದಾಟಿ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಹೋದರು. ಅಲ್ಲಿ ಟರ್ಪಾಲಿನಡಿ ಅವರ ಹಳೆಯ ಜೀಪು ಇತ್ತು.

ಮತ್ತೆ ಅವರಿಂದ ಮಾತೇ ಹೊರಡಲಿಲ್ಲ. ಸೋಮವಾರ ಊಟಕ್ಕೆ ಕೈಸನ್ನೆ, ಮಂಗಳವಾರ ನೀರಿಗೆ ಕೈಸನ್ನೆ. ಗಂಡ ರಕ್ಷಿತ್, "ಅಪ್ಪನಿಗೆ ಮೂಡ್ ಇಲ್ಲ, ಸರಿಯಾಗ್ತದೆ ಬಿಡು," ಎಂದ. ಭವಿತಾಳಿಗೆ ಬಿಡಲು ಬರಲಿಲ್ಲ. ಇದ್ದದ್ದೂ ಹೋದೀತು ಎಂದಿದ್ದರಲ್ಲ ಡಾಕ್ಟರು. ಲ್ಯಾಬಿನಲ್ಲಿ ಟ್ಯೂಬಿಗೆ ಹೆಸರು ಬರೆಯುವಾಗಲೂ ಅದೇ ಯೋಚನೆ. ಮೂರು ತಿಂಗಳಲ್ಲಿ ಬಂದ ಐದು ಶಬ್ದ ಮೂರು ದಿನದಲ್ಲಿ ಹೋದರೆ ಯಾರ ತಪ್ಪು?

ಬುಧವಾರ ಸಂಜೆ ಅಡುಗೆಮನೆಯಲ್ಲಿ ಅತ್ತೆ ಸೇವಂತಿ ಹಲಸಿನ ಬೀಜ ಜಜ್ಜುತ್ತಾ ಕೂತಿದ್ದರು. ಸೊಸೆಯ ಮುಖ ನೋಡಿ ತಾವೇ ಹೇಳಿದರು.

"ಮಂದಿರದವರೂ ಹೀಗೇ ಮಾಡಿದ್ದು. ನಾಲ್ಕು ಶಬ್ದ ಬರಲಿಕ್ಕೆ ಶುರುವಾದ ಮೇಲೆ ಒಮ್ಮೆ ಪ್ರೀತಿಯಲ್ಲೇ ಕರೆದಿದ್ದರು. ಎಂತ ಪಾತ್ರ ಕೊಟ್ಟರು ಗೊತ್ತುಂಟಾ? ಬಾಗಿಲಲ್ಲಿ ನಿಂತು 'ಯಾರೋ ಬಂದಿದ್ದಾರೆ ಪ್ರಭು' ಅನ್ನುವ ದೂತ. ರಾಯಭಾರಿ ಆಗ್ತಿದ್ದ ಮನುಷ್ಯನಿಗೆ! ಇವರು ಅದನ್ನು ಹೇಳಿ, ನಡೆದುಕೊಂಡೇ ಮನೆಗೆ ಬಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ."

"ನನಗೆ ಯಾರೂ ಹೇಳಲೇ ಇಲ್ಲ ಅತ್ತೆ."

"ನೀನು ಕೇಳಿದ್ದೆಲ್ಲಿ? ಬಂದವರ ಮುಖ ನೋಡಿ ಪ್ರಸಂಗ ಇಡುದು ನಮ್ಮಲ್ಲಿ. ಮಾತುಗಾರ ಬಂದಿದ್ದರೆ ಮಾತಿನ ಪ್ರಸಂಗ. ನೀನು ಅವರ ಕಾಯಿಲೆ ನೋಡಿ ಇಟ್ಟೆ, ಅವರನ್ನು ನೋಡಿ ಇಡಲಿಲ್ಲ."

ಭವಿತಾ ಶೆಡ್ಡಿಗೆ ಹೋದಳು. ಮೇದಪ್ಪನವರು ಡ್ರೈವರ್ ಸೀಟಿನಲ್ಲಿದ್ದರು. ಅವಳು ಪಕ್ಕದ ಸೀಟು ಹತ್ತಿ ಕೂತಳು. ತುಕ್ಕಿಗೆ ಕೈ ತಾಗಿ ಟೆಟನಸ್ ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಎಂದು ನೆನಪು ಮಾಡಿಕೊಂಡಳು.

"ತಪ್ಪಾಯ್ತು ಮಾವ. ನೀವು ಎಲ್ಲರ ಎದುರು ಸಿಕ್ಕಿಬಿದ್ದರೆ ಅಂತ ಹೆದರಿದೆ."

ಮೇದಪ್ಪನವರ ತುಟಿ ಶಬ್ದ ಹುಡುಕಿತು. ಎತ್ತಿಕೊಡಲು ಅವಳ ಬಾಯಲ್ಲಿ ಹತ್ತು ಶಬ್ದ ತಯಾರಿದ್ದವು. ತುಟಿ ಕಚ್ಚಿ ಕೂತಳು.

"ಸಿಕ್ಕಿಬೀಳ್ತೇನೆ," ಎಂದರು ಕೊನೆಗೆ. "ಗೊತ್ತುಂಟು. ಮೊದಲೂ... ಬೀಳ್ತಿದ್ದೆ." ಎಡಗೈ ಬೆರಳಿನಿಂದ ಸ್ಟೇರಿಂಗ್ ಮೇಲೆ ತಾಳ ತಟ್ಟಿದರು. "ಭಾಗವತರು... ಕೊನೆಯ ಸಾಲು. ಮತ್ತೆ ಹಾಡ್ತಿದ್ದರು. ಇನ್ನೊಮ್ಮೆ. ನನಗೆ... ಸಿಗುವವರೆಗೆ." ಉಸಿರು ತೆಗೆದುಕೊಂಡರು. "ನೀನು ಹಾಡುದಿಲ್ಲ ಕೂಸೇ. ನೀನು... ನನ್ನ ಅರ್ಥವೂ ನೀನೇ ಹೇಳ್ತಿ."

ಆ ರಾತ್ರಿಯೇ ಹರ್ಷಿತನಿಗೆ ಮೆಸೇಜು ಹೋಯಿತು: ಬೆಟ್ಟ ಬೇಡ, ಬಂದರು. ಅವನಿಂದ ಅಳುವ ಮುಖದ ಆರು ಚಿತ್ರ ಬಂದವು. ಶನಿವಾರ ಬಂದರಿನ ಮೊದಲ ಪುಸ್ತಕ ಸ್ಪೈರಲ್ ಬೈಂಡಾಗಿ ಬಂತು.

ಭಾನುವಾರ ಮೇದಪ್ಪನವರು ಕೊಡಲಿಯ ಕಾವಲುಗಾರನಾಗಲು ಒಪ್ಪಲಿಲ್ಲ. "ರಾಯಭಾರಿ," ಎಂದರು, ಆ ಒಂದು ಶಬ್ದ ಎಲ್ಲಿಯೂ ತಡೆಯದೆ ಬಂತು. ಕಥೆಯಲ್ಲಿ ಆಡುವ ಮೂವರ ಹಡಗನ್ನು ಬಂದರಿನ ರಾಣಿ ಹಿಡಿದಿಟ್ಟಿದ್ದಾಳೆ. ಬಿಡಿಸಿಕೊಂಡು ಬರಬೇಕು. ರಾಣಿಯ ಮಾತು ಭವಿತಾಳದ್ದು.

"ಕೇಳದೆ ನನ್ನ ನೀರಿಗೆ ಬಂದವರು ಕೇಳಿದ ಕೂಡಲೇ ಹೊರಟುಹೋಗುವುದುಂಟೇ, ರಾಯಭಾರಿ?"

ಮೇದಪ್ಪನವರು ಬೆನ್ನು ನೆಟ್ಟಗೆ ಮಾಡಿದರು. "ಮಹಾರಾಣಿ, ನಮ್ಮ... ನಮ್ಮ..." ಅಷ್ಟೇ. ಹಣೆಯಲ್ಲಿ ಬೆವರು ಬಂತು. ಹರ್ಷಿತ್ ದಾಳ ನೋಡುತ್ತಾ ಕೂತ. ಹಡಗು ಎಂಬ ಶಬ್ದ ಭವಿತಾಳ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡಳು.

"ಹೊರಟುಹೋಗುವುದುಂಟೇ, ರಾಯಭಾರಿ?" ಎಂದಳು ಮತ್ತೆ, ನಿಧಾನವಾಗಿ. ಮತ್ತೊಮ್ಮೆ, "ಹೊರಟುಹೋಗುವುದುಂಟೇ?"

ಝುಹ್ರಾ ಮೇಜಿನ ಮೇಲೆ ಮೆಲ್ಲನೆ ತಾಳ ತಟ್ಟಿದಳು.

"ನೀರಿನ ಮೇಲೆ... ಹೋಗುವ ನಮ್ಮ ಜೀಪು," ಎಂದರು ಮೇದಪ್ಪನವರು. ಯಾರೂ ನಗುವ ಮೊದಲೇ ಮುಂದುವರಿಸಿದರು. "ಅದು ನಿಂತರೆ... ಆಚೆ ದಡದಲ್ಲಿ ಕಾಯುವವರು... ನಿಲ್ಲುತ್ತಾರೆ. ಇಪ್ಪತ್ತೆಂಟು ವರ್ಷ... ನಾನು ಯಾರನ್ನೂ... ದಾರಿಯಲ್ಲಿ ಬಿಟ್ಟು ಬಂದವನಲ್ಲ. ರಾಣಿಗೆ... ಅದು ಶೋಭೆಯೇ?"

ಒಳಗಿನಿಂದ ಸೇವಂತಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತರು.

"ದಾಳ ಹಾಕಿ ಮಾವ," ಎಂದಳು ಭವಿತಾ. ದಾಳ ಉರುಳಿತು. ಮೂರು. ಇಷ್ಟು ಸಣ್ಣ ಸಂಖ್ಯೆಗೆ ರಾಣಿ ಒಪ್ಪುವಂತಿಲ್ಲ. ದಾಳದ ಮೇಲೆ ಅಂಗೈ ಮುಚ್ಚಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಮಾವ ಇಷ್ಟು ಹೇಳಿದ ಮೇಲೆ ಸೋಲುವುದೇ? ಹಾಗೆಂದು ಗೆಲ್ಲಿಸಿಕೊಟ್ಟರೆ ಅದೂ ಬಾಗಿಲ ದೂತನ ಪಾತ್ರವೇ. ಕೈ ಹಿಂದೆ ತೆಗೆದಳು.

"ಶೋಭೆಯ ಪಾಠ ನನಗೆ ಬೇಡ," ಎಂದಳು ಸ್ವರ ಗಟ್ಟಿ ಮಾಡಿ. "ಹಡಗು ಇಲ್ಲೇ ಇರಲಿ. ನೀವು ಹೋಗಬಹುದು."

"ಅಯ್ಯೋ, ಹೋಯ್ತು!" ಎಂದ ಹರ್ಷಿತ್.

ಮೇದಪ್ಪನವರು ಅವನನ್ನು ನೋಡಲೇ ಇಲ್ಲ. ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡರು. ಭಜನಾ ಮಂದಿರದಲ್ಲಿ ಎದುರಾಳಿ ಜೋರಾದಾಗ ಬರುತ್ತಿದ್ದ ನಗು ಮುಖದ ಎಡಗಡೆ ಪೂರ್ತಿ, ಬಲಗಡೆ ಅರ್ಧ ಬಂದಿತ್ತು.

"ಎಲ್ಲಿ ಹೋಗುದು?" ಎಂದರು. "ಪದ್ಯ ಹೇಳು ಕೂಸೇ. ನನ್ನದು... ಮುಗಿಯಲಿಲ್ಲ."