ನಸುಕಿನ ಮೊಗ್ಗು ಮತ್ತು ಕಣ್ಣಿನ ಮದ್ದು

ಕಾಪುವಿನ ಹತ್ತಿರ ನಮ್ಮದೊಂದು ಮಲ್ಲಿಗೆ ತೋಟ. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ಯಬೇಕು. ಆ ದಿನ ಅರಳುವ ಬಿಳಿ ಮೊಗ್ಗು ಮಾತ್ರ, ನಾಳೆಯ ಹಸುರು ಮೊಗ್ಗನ್ನು ಮುಟ್ಟಬಾರದು. ಮದುವೆಯಾಗಿ ಬಂದಂದಿನಿಂದ ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಎಂಬತ್ತರ ದಶಕದಲ್ಲಿ ನನ್ನ ಕಣ್ಣಿನ ಒತ್ತಡ ಏರಿದೆಯೆಂದು ಮಣಿಪಾಲದ ಡಾಕ್ಟರು ಕಂಡುಹಿಡಿದರು. ಗ್ಲಾಕೋಮಾ ಎಂದರು. ಬದಿಯ ನೋಟ ಸ್ವಲ್ಪ ಆಗಲೇ ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಎರಡು ಬಗೆಯ ಹನಿಮದ್ದು ಕೊಟ್ಟರು. ಅವುಗಳಲ್ಲಿ ಒಂದು, ಕಣ್ಣಿನ ಪಾಪೆಯನ್ನು ಸಾಸಿವೆ ಕಾಳಿನಷ್ಟು ಕಿರಿದು ಮಾಡುತ್ತಿತ್ತು. ಹಗಲಲ್ಲಿ ತೊಂದರೆಯಿಲ್ಲ. ನಸುಕಿನಲ್ಲಿ ಮಾತ್ರ ತೋಟವಿಡೀ ಕತ್ತಲೆ. ಬುಟ್ಟಿ ತುಂಬಾ ಹಸುರು ಮೊಗ್ಗು ತರತೊಡಗಿದೆ. ನಾನು ಬಿಟ್ಟದ್ದನ್ನೆಲ್ಲ ಗಂಡ ಹಿಂದಿನಿಂದ ಬಂದು ಕೊಯ್ಯುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಕೊನೆಗೊಂದು ದಿನ, ಮಳೆ ಹಿಡಿದ ಕೂಡಲೇ ಮಲ್ಲಿಗೆ ಕಿತ್ತು ತೆಂಗಿನ ಸಸಿ ಇಡೋಣ ಎಂದರು. ನನ್ನ ಮೈ ಉರಿಯಿತು.

ಮರುವಾರ ಡಾಕ್ಟರ ಎದುರು ಕೂತು ನೇರವಾಗಿ ಹೇಳಿದೆ: "ಡಾಕ್ಟ್ರೇ, ಮದ್ದು ಬಿಟ್ಟರೆ ಕಣ್ಣು ಹೋಗ್ತದೆ, ಹಾಕಿದರೆ ತೋಟ ಹೋಗ್ತದೆ. ಬೇರೆ ದಾರಿ ಉಂಟಾ?"

ಅವರಿಗೆ ಸಿಟ್ಟು ಬರಲಿಲ್ಲ. ಲೇಸರ್ ಉಂಟು ಎಂದರು. ಕಣ್ಣಿನೊಳಗಿನ ನೀರು ಹೊರಹರಿಯುವ ದಾರಿಗೆ ಬೆಳಕು ಹಾಯಿಸಿ ಒತ್ತಡ ಇಳಿಸುವುದಂತೆ. ಹೋದ ನೋಟ ಮರಳುವುದಿಲ್ಲ, ಎಲ್ಲರಿಗೂ ಫಲಿಸುವುದೂ ಇಲ್ಲ ಎಂದು ಮೊದಲೇ ಎಚ್ಚರಿಸಿದರು. ಊರಲ್ಲಿ, ಕಣ್ಣು ಸುಡುತ್ತಾರೆ ಎಂದು ಹೆದರಿಸಿದವರೇ ಹೆಚ್ಚು. ಸುಟ್ಟರೆ ನನ್ನ ಕಣ್ಣು ತಾನೇ, ನಿಮಗೇನು ಎಂದು ಅವರ ಬಾಯಿ ಮುಚ್ಚಿಸಿದೆ.

ಆಸ್ಪತ್ರೆಯಲ್ಲಿ ಮರಗಟ್ಟಿಸುವ ಹನಿ ಹಾಕಿ, ಗದ್ದವನ್ನು ಯಂತ್ರದ ಮೇಲಿಡಿಸಿ, ಕಣ್ಣಿಗೊಂದು ಗಾಜು ಒತ್ತಿದರು. ಹಸುರು ಬೆಳಕು ಮತ್ತೆ ಮತ್ತೆ ಮಿಂಚಿತು. ಒಂದೆರಡು ಸಲ ಚುರ್ ಎಂದದ್ದು ಬಿಟ್ಟರೆ ಏನಿಲ್ಲ. ಸಂಜೆಗೆ ಮನೆಗೆ ಬಂದು ಮೀನು ಸಾರು ಮಾಡಿದೆ. ಇನ್ನೊಂದು ಕಣ್ಣಿಗೆ ಬೇರೊಂದು ದಿನ ಹೋಗಿ ಬಂದೆ.

ಕೆಲವು ವಾರ ಕಳೆದ ಮೇಲೆ ಒತ್ತಡ ಅಳೆದ ಡಾಕ್ಟರು, ನಂಬಿಕೆ ಬಾರದವರಂತೆ ಮತ್ತೊಮ್ಮೆ ಅಳೆದರು. ಆಮೇಲೆ ನಕ್ಕರು. ಕತ್ತಲೆ ತರುವ ಮದ್ದು ನಿಲ್ಲಿಸಿ, ಇನ್ನೊಂದನ್ನು ಬಿಡಬೇಡಿ, ತಪಾಸಣೆಯನ್ನೂ ತಪ್ಪಿಸಬೇಡಿ ಎಂದರು. ಬಸ್ಸು ಉಡುಪಿ ದಾಟುವವರೆಗೂ ನನಗೆ ಗಟ್ಟಿಯಾಗಿ ಹಾಡಬೇಕೆನಿಸುತ್ತಿತ್ತು.

ಸ್ವಲ್ಪ ದಿನಗಳಲ್ಲೇ ನಸುಕಿನ ಬೆಳಕು ನನಗೆ ಮರಳಿತು. ಒಂದು ಬೆಳಿಗ್ಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಲ್ಲದೆ ಕೊಯ್ದೆ. ಹಿಂದೆ ಬಂದ ಗಂಡ ಒಂದೊಂದು ಗಿಡವನ್ನೂ ಬಗ್ಗಿ ನೋಡಿದರು. ಅವರ ಬುಟ್ಟಿ ಖಾಲಿಯೇ ಇತ್ತು.

"ಎಂತ ಮಾರಾಯ್ತಿ, ನನಗೆ ಒಂದೂ ಬಿಡಲಿಲ್ಲ ನೀನು" ಎಂದರು.

"ತೆಂಗು ಇಡ್ಲಿಕ್ಕೆ ಬೇರೆ ಜಾಗ ನೋಡಿ" ಎಂದೆ.