ಅತ್ತೆಗಾಗಿ ತಗ್ಗಿಸಬೇಕಿದ್ದ ಹೊಸ್ತಿಲು

ನಾನು ಆರ್ಕಿಟೆಕ್ಟ್ ಎಂದು ನಮ್ಮ ಕಡೆ ಯಾರಿಗಾದರೂ ಹೇಳಿದರೆ ಎದುರಿಗಿದ್ದವರು ಹುಬ್ಬೇರಿಸುತ್ತಾರೆ. ಆಮೇಲೆ "ಅಂದ್ರ ಎಂಜಿನಿಯರ್ ಅಲ್ಲೇನು?" ಎಂದು ಕೇಳುತ್ತಾರೆ. ಅಲ್ಲ ಎಂದರೆ, ಪಾಪ, ಮಾರ್ಕ್ಸ್ ಕಡಿಮೆ ಬಿದ್ದಿರಬೇಕು ಎನ್ನುವ ಹಾಗೆ ನೋಡುತ್ತಾರೆ. ಹೌದು ಎಂದುಬಿಟ್ಟರೆ ಇನ್ನೊಂದು ಕಷ್ಟ, ರಸ್ತೆಯಲ್ಲೇ ನಿಲ್ಲಿಸಿಕೊಂಡು ಮನೆಗೆ ಕಬ್ಬಿಣ ಎಷ್ಟು ಬೇಕಾಗುತ್ತದೆ ಎಂದು ಶುರುಮಾಡುತ್ತಾರೆ. ಹರಪನಹಳ್ಳಿಯಲ್ಲಿ ಕಚೇರಿ ತೆರೆದು ಬೋರ್ಡಿನ ಮೇಲೆ ಏನೇ ಬರೆಸಿದರೂ ಜನರ ಲೆಕ್ಕದಲ್ಲಿ ನಾನು ಪ್ಲ್ಯಾನ್ ಬರೆದುಕೊಡುವವಳು. ಪುರಸಭೆಗೆ ಕೊಡಲು ಒಂದು ಹಾಳೆ ಬೇಕು, ಅಷ್ಟಕ್ಕೆ ನಾನು. ಮನೆ ಹೇಗಿರಬೇಕೆಂಬುದನ್ನು ಅವರು ಮೊಬೈಲಿನಲ್ಲಿ ನೋಡಿ ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ.

ನಾನು ಈ ದಾರಿ ಹಿಡಿದದ್ದಕ್ಕೂ ಒಂದು ಮನೆಯೇ ಕಾರಣ. ನಾವಿದ್ದದ್ದು ಕೊಟ್ಟೂರಿನಲ್ಲಿ, ಅಪ್ಪ ಶಾಲೆಯ ಮೇಷ್ಟ್ರು. ಹಗರಿಬೊಮ್ಮನಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹಡಗಿನ ಆಕಾರದ ಮನೆಯೊಂದು ಕಾಣುತ್ತಿತ್ತು. ಸಮುದ್ರದ ಗಾಳಿಯೂ ಸುಳಿಯದ ನೆಲದಲ್ಲಿ ಸಿಮೆಂಟಿನ ಹಡಗು. ಮುಂದೆ ಚೂಪು ಮೂತಿ, ಗೋಡೆಗೆ ದುಂಡನೆಯ ಕಿಟಕಿಗಳು, ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೆ ಹೊಗೆಕೊಳವೆಯ ವೇಷ. ಆ ತಿರುವು ಬರುವ ಮೊದಲೇ ನಾನು ಸೀಟಿನ ಮೇಲೆ ಹತ್ತಿ ನಿಲ್ಲುತ್ತಿದ್ದೆ. ದೊಡ್ಡವಳಾದ ಮೇಲೆ ಇಂಥದ್ದೇ ಕಟ್ಟುತ್ತೇನೆ ಎಂದು ಅವ್ವನ ತಲೆ ತಿನ್ನುತ್ತಿದ್ದೆ.

ಕಾಲೇಜಿನ ಎರಡನೆಯ ವರ್ಷದಲ್ಲಿ ನಿಮ್ಮೂರ ಕಡೆಯ ಯಾವುದಾದರೂ ವಿಚಿತ್ರ ಕಟ್ಟಡವನ್ನು ಅಳೆದು, ಚಿತ್ರ ಬರೆದು ತನ್ನಿ ಎಂದರು. ನಾನು ಟೇಪು ಹಿಡಿದುಕೊಂಡು ನೇರ ಹಡಗಿಗೇ ಹೋದೆ. ಮನೆಯಾಕೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತೆಗೆದಳು. ಒಳಗೆ ಹೋದರೆ ಮಟಮಟ ಮಧ್ಯಾಹ್ನ ಲೈಟು ಉರಿಯುತ್ತಿತ್ತು.

"ಹೊರಗ ನಿಂತು ನೋಡಾಕ ಚಂದೈತಿ ತಂಗಿ," ಎಂದಳು ಆಕೆ. "ಆ ಚೂಪು ಮೂಲಿಯಾಗ ಒಂದು ಅಕ್ಕಿ ಚೀಲ ಇಡಾಕ ಬರಂಗಿಲ್ಲ. ಕಿಟಕಿ ನೋಡು, ತಾಟಿನಷ್ಟು ಅದಾವ. ಒಗ್ಗರಣಿ ಹೊಗಿ ಹೋಗಂಗಿಲ್ಲ, ಗಾಳಿ ಬರಂಗಿಲ್ಲ. ಬಂದವರು ಫೋಟೋ ತಕ್ಕಂಡು ಹೋಗ್ತಾರ. ಇರಾಕಿ ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕಂದಿನಿಂದ ಎದೆಯಲ್ಲಿಟ್ಟುಕೊಂಡಿದ್ದ ಹಡಗನ್ನು ಆ ಹೆಂಗಸು ಹಿಟ್ಟಿನ ಕೈಯಲ್ಲಿ ಒರೆಸಿಹಾಕಿದ್ದಳು, ಮೇಲಾಗಿ ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅವತ್ತಿನಿಂದ ಹೊರಗಿನ ಆಕಾರ ನೋಡಿ ಮರುಳಾಗುವುದು ಬಿಟ್ಟೆ. ಯಾವ ಮನೆ ನೋಡಿದರೂ ಮೊದಲು ಕೇಳಿಕೊಳ್ಳುವುದು, ಇದರೊಳಗೆ ದಿನಾ ಏಗುವವರು ಯಾರು ಎಂದು.

ಹೀಗಿರುವಾಗ ನನ್ನ ಸೋದರಮಾವ ಹೊಸ ಮನೆ ಕಟ್ಟಿಸಲು ಹೊರಟ. ಮಾವನದು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ, ಬಾಯಿ ಜೋರು, ಮನಸ್ಸು ಒಳ್ಳೆಯದು. ಮನೆ ಕಟ್ಟಿಸುತ್ತಿದ್ದದ್ದು ಅತ್ತೆಗಾಗಿ. ಅಂಗಳದಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ದಾವಣಗೆರೆಯಲ್ಲಿ ಆಪರೇಷನ್ ಆದರೂ ಕಾಲಿಗೆ ಮೈಭಾರ ಹೊರುವ ಶಕ್ತಿ ಬರಲಿಲ್ಲ. ಉಚ್ಚಂಗಿದುರ್ಗದ ಗುಡ್ಡದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತುತ್ತಿದ್ದ ಹೆಂಗಸು ಗಾಲಿ ಕುರ್ಚಿಗೆ ಬಂದಳು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು ಅತ್ತೆಯೇ ಬೇಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಾಕಿ ಸುತ್ತಿ ಮಲಗಿಸಿದರೆ ಕೂಸು ಹೊತ್ತು ಮುಳುಗುವವರೆಗೂ ಮಿಸುಕುತ್ತಿರಲಿಲ್ಲ. ಅದಕ್ಕೆ ಅವಳು ಒಂದು ಕುಪ್ಪಸದ ಬಟ್ಟೆಯನ್ನೂ ಮುಟ್ಟಿದವಳಲ್ಲ. ಬೆಳಿಗ್ಗೆ ಎದ್ದು ಒಬ್ಬರ ಮನೆಗೆ, ಅಲ್ಲಿಂದ ಇನ್ನೊಬ್ಬರ ಮನೆಗೆ, ನಡುವೆ ಊರಿನ ಸುದ್ದಿಯೆಲ್ಲ. ಅವಳ ಬದುಕೇ ಅದು.

ಹಳೇ ಮನೆಗೆ ಕಲ್ಲಿನ ಮೆಟ್ಟಿಲು, ಮೊಣಕಾಲೆತ್ತರದ ಹೊಸ್ತಿಲು. ಹೊರಗೆ ಹೋಗಬೇಕೆಂದರೆ ಅವಳ ಇಬ್ಬರು ಗಂಡುಮಕ್ಕಳು ಕುರ್ಚಿಯ ಸಮೇತ ಅವಳನ್ನು ಎತ್ತಿ ಇಳಿಸಬೇಕು. ಒಂದು ದಿನ ಹಾಗೆ ಎತ್ತುವಾಗ ಓಣಿಯ ಮಂದಿ ನಿಂತು ನೋಡಿದರು. "ಹೆಣ ಎತ್ತಿದಂಗ ನನ್ನ ಎತ್ತಬ್ಯಾಡ್ರಿ," ಎಂದವಳು ಅವತ್ತಿನಿಂದ ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೊರಡಲಿಲ್ಲ. ಓಣಿಯವರು ಮೊದಮೊದಲು ಬಂದು ಮಾತಾಡಿಸಿದರು. ಬರಬರುತ್ತಾ ಅದೂ ಕಮ್ಮಿಯಾಯಿತು.

ಹಾಗಾಗಿ ನಾನು ಮಾವನ ಮುಂದೆ ಒಂದೇ ಮಾತಿಟ್ಟೆ. ಅತ್ತೆ ತನ್ನ ಕೋಣೆಯಿಂದ ರಸ್ತೆಗೆ ಯಾರ ಕೈಯೂ ತಾಗದೆ ಹೋಗಿಬರುವಂತಿರಬೇಕು. ಬಾಗಿಲು ಅಗಲ ಬೇಕು, ಮೆಟ್ಟಿಲ ಬದಲು ಇಳಿಜಾರು ಬೇಕು, ಹೊಸ್ತಿಲು ನೆಲಕ್ಕೆ ಸಮ ಇರಬೇಕು. ಉಳಿದದ್ದು ನಿನಗೆ ಹೇಗೆ ಬೇಕೋ ಹಾಗೆ ಕಟ್ಟಿಕೋ ಎಂದೆ.

"ಆತು ಬಿಡವ್ವ, ನೀ ಹೇಳಿದಂಗ," ಎಂದ ಮಾವ.

ನಮ್ಮ ಕಡೆ 'ಆತು ಬಿಡು' ಅಂದರೆ ಏನೂ ಆಗುವುದಿಲ್ಲ ಎಂದರ್ಥ. ಅಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ನಂಬಿದೆನಲ್ಲ, ನನಗೆ ಬುದ್ಧಿ ಎಲ್ಲಿತ್ತು.

ಮೊದಲ ಜಗಳ ಇಳಿಜಾರಿನದು. "ಮನಿ ಮುಂದ ಇಳಿಜಾರು ಮಾಡಿದ್ರ ಮಂದಿ ದವಾಖಾನಿ ಅಂತ ತಿಳ್ಕಂತಾರ," ಎಂದ ಮಾವ. ನಾನು ಅವನನ್ನು ಓಣಿಗೆ ಕರೆದುಕೊಂಡು ಹೋಗಿ ಸಾಲು ಮನೆಗಳನ್ನು ತೋರಿಸಿದೆ. ಒಂದೊಂದು ಮನೆಯ ಮುಂದೂ ಗಟಾರದ ಮೇಲೆ ಹಾಯ್ದು ಅಂಗಳಕ್ಕೆ ಹತ್ತುವ ಸಿಮೆಂಟಿನ ಇಳಿಜಾರಿತ್ತು.

"ಅವು ಬೈಕ್ ಹತ್ಸಾಕ," ಎಂದ.

"ಬೈಕಿಗಾದ್ರ ದವಾಖಾನಿ ಅನ್ನಂಗಿಲ್ಲೇನು ಮಂದಿ?"

"ಬೈಕಿಗೆ ಬೇಕಲ್ಲವ್ವ ಮತ್ತ."

ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮರುದಿನ ಮೇಸ್ತ್ರಿಯ ಹತ್ತಿರ ಇದು ಮಾವನ ಮಗನ ಬೈಕಿಗೆ ಮಾಡುವ ಇಳಿಜಾರು ಎಂದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಸಂಜೆಯೊಳಗೆ ಗುರುತು ಹಾಕಿ ಅಗೆದರು.

ಹೊಸ್ತಿಲು ಮಾತ್ರ ಹಾಗೆ ಬಗೆಹರಿಯಲಿಲ್ಲ. ಮಾವನಿಗೆ ಅದು ಲಕ್ಷ್ಮಿ. ಬಡಗಿ ಕೆಳಗಡೆ ಅಡ್ಡಪಟ್ಟಿ ಇಲ್ಲದ ಚೌಕಟ್ಟನ್ನು ಮಾಡುವುದೇ ಇಲ್ಲ ಎಂದ. ನೆಂಟರಲ್ಲಿ ಒಬ್ಬರು ಹಾವು ಬರುತ್ತದೆ ಎಂದರು, ಇನ್ನೊಬ್ಬರು ಮಳೆನೀರು ಎಂದರು. ಒಬ್ಬ ಅಜ್ಜಿ, "ಹೊಸ್ತಿಲಿಲ್ಲದ ಮನಿಗೂ ಬಸ್‌ಸ್ಟ್ಯಾಂಡಿಗೂ ಏನು ಫರಕು?" ಎಂದಳು. ನಾನು ಒಬ್ಬೊಬ್ಬರಿಗೂ ಉತ್ತರ ಹೇಳಿ ಹೇಳಿ ಗಂಟಲು ಹರಿದುಕೊಂಡೆ. ಕಡೆಗೆ, ಹೊಸ್ತಿಲ ಜಾಗದಲ್ಲಿ ನೆಲಕ್ಕೆ ಸಮನಾಗಿ ಸಾಗವಾನಿ ಪಟ್ಟಿ ಕೂರಿಸೋಣ, ಅರಿಶಿನ ಕುಂಕುಮ ಅದಕ್ಕೇ ಹಚ್ಚಿ ಎಂದೆ. ಮಾವ ಮತ್ತೆ 'ಆತು ಬಿಡು' ಎಂದ.

ಬಾಗಿಲು ನಿಲ್ಲಿಸಿದ ದಿನ ನಾನು ಕೂಡ್ಲಿಗಿಯಲ್ಲಿ ಒಂದು ಅಂಗಡಿಯ ಕೆಲಸ ನೋಡಲು ಹೋಗಿದ್ದೆ. ಮುಹೂರ್ತ ಇದ್ದದ್ದು ಮರುದಿನಕ್ಕೆ. ಮಧ್ಯಾಹ್ನ ಮಾವನ ಫೋನು ಬಂತು. "ಇವತ್ತ ಗಳಿಗಿ ಚಲೋ ಐತಂತವ್ವ, ಕೂಡ್ಸಿ ಬಿಟ್ವಿ." ನಾನು ಸಿಕ್ಕ ಬಸ್ಸು ಹತ್ತಿ ಬಂದೆ. ಬಂದು ನೋಡಿದರೆ ಚೌಕಟ್ಟು ನಿಂತಿತ್ತು, ಮಾವಿನ ಸೊಪ್ಪು ಕಟ್ಟಿತ್ತು. ಕೆಳಗೆ ಕಮಲದ ಹೂವು ಕೆತ್ತಿದ ಸಾಗವಾನಿ ಹೊಸ್ತಿಲು, ಗೇಣಿಗೆ ಸ್ವಲ್ಪ ಕಡಿಮೆ ಎತ್ತರ. ಅದರಡಿ ನವಧಾನ್ಯ ಇಟ್ಟು ಸಿಮೆಂಟು ಮೆತ್ತಿದ್ದರು. ಮಂದಿಯೆಲ್ಲ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದರು. ಮಾವ ನನ್ನ ಕೈಗೂ ಒಂದು ಪೊಟ್ಟಣ ಕೊಡಲು ಬಂದ.

ನನ್ನ ಮೈ ಉರಿದುಹೋಯಿತು. "ಯಾರಿಗೆ ಕಟ್ಟಸಾಕತ್ತಿ ಮಾವ ಈ ಮನಿ? ಪೂಜಿ ಮಾಡಿದಾರ ಕಾಲಿಗೋ, ಕುರ್ಚಿ ಮ್ಯಾಲ ಕುಂತಾಕಿಗೋ?"

"ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಬರ್ತಾಳೇನು?" ಎಂದ ಮಾವ.

"ಮನ್ಯಾಗಿರೋ ಲಕ್ಷ್ಮಿಗೆ ಹೊರಗ ಹೋಗಾಕ ಆಗವಲ್ದು. ಬರಾಕಿ ಚಿಂತಿ ನಿನಗ."

ಅತ್ತೆಯೂ ಅಲ್ಲಿದ್ದಳು. ಇದೊಂದು ದಿನ ಎಂದು ಹೇಗೋ ಒಪ್ಪಿಸಿ ಆಟೋದಲ್ಲಿ ಕರೆತಂದು, ಮರಳಿನ ರಾಶಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು. ಮನೆಯೊಡತಿ ಮಾಡಬೇಕಾದ ಹೊಸ್ತಿಲ ಪೂಜೆಯನ್ನು ಹಿರಿಯ ಸೊಸೆ ಮಾಡಿದ್ದಳು, ಏಕೆಂದರೆ ಅತ್ತೆಯ ಕುರ್ಚಿ ಅಲ್ಲಿಯವರೆಗೆ ಹೋಗಲಿಲ್ಲ. ಅವಳು ಅಷ್ಟೂ ಹೊತ್ತು ಸೆರಗು ಹೊದ್ದು ನೋಡುತ್ತಿದ್ದಳು.

"ಈಗ ಏನ್ ಮಾಡ್ತಿ ಹೇಳು," ಎಂದಳು ನನಗೆ.

ಸಿಟ್ಟಿನಲ್ಲೇ ಇದ್ದೆ, ಆದರೂ ತಲೆ ಓಡಿತು. ಒಳಗಿನ ನೆಲ ಇನ್ನೂ ಹಾಕಿರಲಿಲ್ಲ. ಹೊಸ್ತಿಲನ್ನು ತಗ್ಗಿಸಲು ಬಿಡದಿದ್ದರೆ ನೆಲವನ್ನೇ ಎತ್ತರಿಸಿದರಾಯಿತು. ಒಳಗೂ ಹೊರಗೂ ಹೊಸ್ತಿಲಿನ ನೆತ್ತಿಗೆ ಸಮ ಮಣ್ಣು ತುಂಬಿ ಬಂಡೆ ಹಾಸಬೇಕು, ಇಳಿಜಾರನ್ನು ಇನ್ನಷ್ಟು ಉದ್ದ ಎಳೆಯಬೇಕು. ಮಾವ ಕಾರು ನಿಲ್ಲಿಸಲು ಇಟ್ಟುಕೊಂಡಿದ್ದ ಜಾಗ ಹೋಗುತ್ತದೆ, ಹೋಗಲಿ. ಹೊಸ್ತಿಲು ಅಲ್ಲೇ ಇರುತ್ತದೆ, ದಾಟುವ ಕೆಲಸ ಇರುವುದಿಲ್ಲ ಎಂದೆ.

ಪೂಜೆಗೆ ಬಂದಿದ್ದ ಹಿರಿಯರೊಬ್ಬರು ಆಗದು ಎಂಬಂತೆ ತಲೆಯಾಡಿಸಿದರು. "ಗಾಲಿ ಹೊಸ್ತಿಲ ಮ್ಯಾಲ ಹಾಯ್ತಾವಲ್ಲವ್ವ. ಹೊಸ್ತಿಲು ತುಳಿಬಾರ್ದು."

"ಆಯುಧಪೂಜಿ ದಿನ ಲಾರಿ ಗಾಲಿಗೆ ನಿಂಬಿಹಣ್ಣು ಇಡ್ತೀರಿ, ಕುಂಕುಮ ಹಚ್ತೀರಿ," ಎಂದಳು ಅತ್ತೆ. "ನನ್ನ ಗಾಲಿ ಏನ್ ಪಾಪ ಮಾಡ್ಯಾವ್ರಿ?"

ಮಾವ ಹೆಂಡತಿಯ ಮುಖವನ್ನೇ ನೋಡಿದ. ಬಹಳ ದಿನದ ಮೇಲೆ ಅವಳು ನಾಲ್ಕು ಜನರ ನಡುವೆ ಬಾಯಿ ಬಿಟ್ಟಿದ್ದಳು. "ಮಣ್ಣು ತರ್ಸು," ಎಂದು ಮೇಸ್ತ್ರಿಗೆ ಹೇಳಿ ಅತ್ತ ನಡೆದುಬಿಟ್ಟ.

ಗೃಹಪ್ರವೇಶದ ದಿನ ಬಂದವರೆಲ್ಲ ಬಾಗಿಲಲ್ಲಿ ಅಭ್ಯಾಸಬಲದಿಂದ ಕಾಲೆತ್ತಿ ಇಟ್ಟು ಆಯ ತಪ್ಪಿದರು. ಸಿಟ್ಟು ನನ್ನ ಮೇಲೆ. ಎಂಥಾ ಮನೆ ಕಟ್ಟಿದ್ದಾಳೆ, ಎಲ್ಲಿ ಕಾಲಿಡಬೇಕೆಂದೇ ಗೊತ್ತಾಗುವುದಿಲ್ಲ ಎಂದರು. ಮನೆಯ ಮುಖಕ್ಕೆ ಎಲಿವೇಷನ್, ಡಿಸೈನು ಏನೂ ಇಲ್ಲವಲ್ಲ, ಆರ್ಕಿಟೆಕ್ಟ್ ಅಂತೀಯ ಎಂದೂ ಕೇಳಿದರು. ಅಲ್ಲಿಯವರೆಗೆ ನಾನು ಮಾಡಿದ್ದ ಕೆಲಸದಲ್ಲೆಲ್ಲ ಹೊಸ್ತಿಲಿಗಾಗಿ ನೆಲವನ್ನೇ ಎತ್ತರಿಸಿದ ಆ ಮನೆಗಿಂತ ವಿಚಿತ್ರವಾದ ಕಟ್ಟಡ ಇರಲಿಲ್ಲ, ಅದು ಒಬ್ಬರಿಗೂ ಕಾಣಲಿಲ್ಲ. ಅತ್ತೆ ಮಾತ್ರ ಅವತ್ತು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸುಮ್ಮಸುಮ್ಮನೆ ಓಡಾಡಿದಳು. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಆ ಕಡೆ ಹೋದೆ. ಸೊಸೆ ಕಸ ಹೊಡೆಯುತ್ತಿದ್ದಳು. "ಅತ್ತಿ ಇಲ್ಲಕ್ಕ, ಹೊರಗ ಹೋಗ್ಯಾರ," ಎಂದಳು. ಆ ಮಾತನ್ನು ಅವಳ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಳ್ಳೋಣ ಅನ್ನಿಸಿತು.

ಅತ್ತೆ ನಾಲ್ಕು ಮನೆ ಆಚೆ ಇದ್ದಳು. ಆ ಮನೆಯ ಮಗಳು ಹೆರಿಗೆಗೆ ಬಂದಿದ್ದಾಳೆ, ಕೂಸು ಹುಟ್ಟಿ ವಾರವಾಗಿದೆ ಎಂದು ಸೊಸೆ ಹೇಳಿದ್ದಳು. ಆ ಮನೆಗೂ ಬೈಕಿನ ಇಳಿಜಾರಿತ್ತು, ಅದು ಅಂಗಳದವರೆಗೆ. ಅಲ್ಲಿಂದ ಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ಹೊಸ್ತಿಲು. ಅತ್ತೆ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿಕೊಂಡಿದ್ದಳು. ಒಳಗೆ ಬಚ್ಚಲಲ್ಲಿ ಕೂಸು ಕಿರುಚಿ ಕಿರುಚಿ ಅಳುತ್ತಿತ್ತು.

"ಕುತ್ತಿಗಿ ಕೆಳಗ ಕೈ ಕೊಡು," ಎಂದು ಅತ್ತೆ ಹೊರಗಿನಿಂದ ಕೂಗುತ್ತಿದ್ದಳು. "ನೀರು ನಿನ್ನ ಕೈ ಮ್ಯಾಲ ಹೊಯ್ಕಂಡು ನೋಡು ಮೊದ್ಲು. ಬೆನ್ನಿಗೆ ಹಾಕು, ಬೆನ್ನಿಗೆ."

ಕೂಸಿನ ಅಜ್ಜಿ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದಳು. "ನನಗ ಧೈರ್ಯ ಸಾಲವಲ್ದಕ್ಕ. ನಮ್ಮ ಹುಡುಗರು ಎತ್ತಿ ಒಳಗ ಬಿಡ್ತಾರ, ಬಾ ಅಂದ್ರ ನೀ ಒಲ್ಲೆ ಅಂತಿ."

"ಒಲ್ಲೆ," ಎಂದಳು ಅತ್ತೆ.

"ಹೊರಗ ತರೂಣಂದ್ರ ಇನ್ನೂ ಹೊಸ್ತಿಲು ದಾಟ್ಸಿಲ್ಲ."

"ದಾಟಿಸಬ್ಯಾಡ, ತಂಪು ಆಗ್ತತಿ. ಹೋಗು, ಹೊಗಿ ಹಾಕು, ಕೂಸು ನಡಗ್ತಿರಬೇಕು."

ಆಕೆ ಒಳಗೆ ಓಡಿದಳು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಅಳು ನಿಂತ ಮೇಲೆ ಕುರ್ಚಿ ತಿರುಗಿಸಿದಳು. ನಾನು ಬಂದು ನಿಂತದ್ದು ಅವಳಿಗೆ ಆಗಲೇ ಗೊತ್ತಿತ್ತು. ಅವರ ಮನೆಯವರ ಹತ್ತಿರ ಮಾತಾಡುತ್ತೇನೆ, ಒಂದು ಹಲಗೆ ಮಾಡಿಸಿಕೊಡುತ್ತೇನೆ, ಹೊಸ್ತಿಲು ಮುಟ್ಟದ ಹಾಗೆ ಮೇಲಿಂದ ಹಾಯಬಹುದು ಎಂದು ನಾನು ಒಂದೇ ಉಸಿರಿಗೆ ಹೇಳಿದೆ.

"ಅವರ ಮನಿಗೆ ಹಲಗಿ ಹಾಕ್ತಿ," ಎಂದಳು ಅತ್ತೆ, ಮುಂದೆ ನೋಡುತ್ತಲೇ. "ಬಾಜೂ ಮನಿಗೆ? ಅದರಾಚಿ ಮನಿಗೆ? ನಾ ಹೊರಗ ಬರಾಕ ಚಲೋ ಕಟ್ಟಿದಿ, ಇಲ್ಲ ಅನ್ನಂಗಿಲ್ಲ. ಹೊರಗ ಬಂದು ಯಾರ ಮನಿ ಒಳಗ ಹೋಗ್ಲಿ, ಅದನ್ನ ಹೇಳು."

ನಾನು ಕುರ್ಚಿಯ ಪಕ್ಕದಲ್ಲೇ ನಡೆದು ಬಂದೆ. ಮನೆ ಬಂದಾಗ ಇಳಿಜಾರಿನಲ್ಲಿ ಕುರ್ಚಿ ತಳ್ಳೋಣವೆಂದು ಕೈ ಹಾಕಿದೆ.

"ಬಿಡು," ಎಂದಳು. ಗಾಲಿಗೆ ಕೈ ಕೊಟ್ಟು ತಾನೇ ಹತ್ತಿ, ಹೊಸ್ತಿಲ ಮೇಲೆ ಹಾಯ್ದು, ಒಬ್ಬಳೇ ಒಳಗೆ ಹೋದಳು.