ಅಳುವಿನ ಅಳತೆ ನೋಡಿ ಕೊಟ್ಟ ರೆಪ್ಪೆ

“ಮೇಡಮ್, ನೀವು ಎಷ್ಟು ಅಳ್ತೀರಾ?”

ಗುಂಡ್ಲುಪೇಟೆಯ ಬ್ಯೂಟಿಪಾರ್ಲರಿನ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಮದುವೆ ದಿನ ಅಂಟಿಸಿಕೊಳ್ಳುವ ಕೃತಕ ರೆಪ್ಪೆ ಆರಿಸಲು ಹೋಗಿದ್ದೆ. ಜೊತೆಗೆ ಚಂದಕವಾಡಿಯ ದೊಡ್ಡಮ್ಮ. ಕಣ್ಣು ನನ್ನದು, ಆಯ್ಕೆ ಅವರದು ಅಂತ ಆಗಿನ್ನೂ ಗೊತ್ತಿರಲಿಲ್ಲ.

ಹುಡುಗಿ ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಅಳದೇ ಇರುವವರಿಗೆ ಒಂದು, ತೆಳ್ಳಗೆ ಹಗುರವಾಗಿತ್ತು. ಬರೀ ಕಣ್ಣು ಒದ್ದೆಯಾಗುವವರಿಗೆ ಇನ್ನೊಂದು. ಗೋಳೋ ಅಂತ ಅಳುವವರಿಗೆ ಮತ್ತೊಂದು, ವಾಟರ್‌ಪ್ರೂಫ್ ಗಮ್ಮಿನದು. ಎದೆ ಬಡಿದುಕೊಂಡು ಅತ್ತರೂ ಅಲ್ಲಾಡಲ್ಲವಂತೆ.

ನಾನು ಮೊದಲನೆಯದನ್ನೇ ಎತ್ತಿಕೊಂಡೆ. ನಾನ್ಯಾಕೆ ಅಳಲಿ? ನಮ್ಮೂರು ತೆರಕಣಾಂಬಿ, ಗಂಡನ ಮನೆ ಚಾಮರಾಜನಗರ. ಕೆಲಸಕ್ಕೆ ಅಂತ ದಿನಾ ಅದೇ ಊರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುತ್ತಿದ್ದವಳು ನಾನು. ಮದುವೆಯಾದರೆ ಬಸ್ಸಿನ ಕಾಟ ತಪ್ಪುತ್ತದೆ... ಅದಕ್ಕೆ ಖುಷಿಪಡುವುದು ಬಿಟ್ಟು ಅಳುವುದಾ?

ದೊಡ್ಡಮ್ಮ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡರು.

“ಬಾಯ್ ಮುಚ್ಕಂಡು ಕೂತ್ಕಳಮ್ಮಿ! ಹೆಣ್ಣೊಪ್ಸುವಾಗ ನೀ ಅಳ್ದೆ ನಿಂತ್ಕಂಡ್ರೆ ಜನ ನಿನ್ನ ಅನ್ನಕಿಲ್ಲ, ನಿಮ್ಮವ್ವನ್ನ ಅಂತಾರೆ. ಎಂಗ್ ಸಾಕಿದ್ಳೋ, ಅವ್ವನ್ನ ಬುಟ್ಟೋಗಾಕೆ ಒಂದನಿ ಕಣ್ಣೀರಿಲ್ಲ ಅಂತಾರೆ ಕಣಮ್ಮಿ.”

ಸಾಕ್ಷಿಗೆ ಉಡಿಗಾಲ ಊರಿನ ಒಂದು ಮದುವೆಯನ್ನೂ ತಂದರು. ಅಲ್ಲಿ ಮದುಮಗಳು ನಗುನಗುತ್ತಾ ಕಾರು ಹತ್ತಿದ್ದಳಂತೆ. ಅವಳ ಮಗು ಈಗ ಸ್ಕೂಲಿಗೆ ಹೋಗುತ್ತಿದೆ. ಆ ನಗುವಿನ ವಿಚಾರಣೆ ಇನ್ನೂ ಮುಗಿದಿಲ್ಲ.

ನನ್ನ ಬಗ್ಗೆ ಯಾರು ಏನಂದರೂ ಕಿವಿ ಮೇಲೆ ಹಾಕಿಕೊಳ್ಳುವವಳಲ್ಲ. ಆದರೆ ಅವ್ವನನ್ನು ಅಂದರೆ ಮೈಯೆಲ್ಲ ಉರಿಯುತ್ತದೆ. ಅವ್ವನ ಮಾತು ಬಂದ ಮೇಲೆ ಹಗುರದ ಡಬ್ಬಿಯ ಆಸೆ ಬಿಟ್ಟೆ.

ಅಷ್ಟರಲ್ಲಿ ಅತ್ತೆಯಾಗುವವರ ಫೋನು. ರೆಪ್ಪೆಯ ವಿಷಯ ಅವರಿಗೂ ಹೇಗೋ ತಲುಪಿತ್ತು.

“ನೋಡವ್ವ, ನೀ ತುಂಬಾ ಅಳಬ್ಯಾಡ. ನಮ್ಮ್ ಕಡೆ ಜನ ಬಲವಂತದ ಮದ್ವೆ ಅನ್ಕಂಡಾರು.”

ಸರಿ. ತವರಿನ ಮಾನಕ್ಕೆ ಅಳಬೇಕು, ಗಂಡನ ಮನೆ ಮಾನಕ್ಕೆ ನಿಲ್ಲಿಸಬೇಕು. ಹಾಗಾದರೆ ಮಧ್ಯದ ಡಬ್ಬಿಯನ್ನೇ ಕೊಡಮ್ಮ ಅಂದೆ. ಅದು ತೋರಿಸಲು ಇಟ್ಟಿರುವ ಸ್ಯಾಂಪಲ್ ಅಷ್ಟೇ, ಸ್ಟಾಕ್ ಇಲ್ಲ ಅಂದಳು ಪಾರ್ಲರಿನ ಹುಡುಗಿ. ಎಲ್ಲರೂ ಅದನ್ನೇ ಒಯ್ಯುತ್ತಾರಂತೆ!

ಕೊನೆಗೆ ದೊಡ್ಡಮ್ಮ ಗೋಳಾಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು. ಮದುವೆವರೆಗೂ ಕನ್ನಡಿ ಮುಂದೆ ಅಳುವ ಪ್ರಾಕ್ಟೀಸ್ ಮಾಡಿದೆ. ಅಳು ಬರಲಿಲ್ಲ, ಮುಖ ಮಾತ್ರ ಹುಣಸೆಹಣ್ಣು ತಿಂದ ಹಾಗಾಯಿತು.

ಮದುವೆ ದಿನ. ಚಾಮರಾಜನಗರದ ಛತ್ರ. ಬೆಳಿಗ್ಗೆ ರೆಪ್ಪೆ ಅಂಟಿಸಿದ ಹುಡುಗಿ, “ಇನ್ನು ನೀವು ಎಷ್ಟು ಬೇಕಾದ್ರೂ ಅಳಿ ಮೇಡಮ್” ಅಂತ ಆಶೀರ್ವಾದ ಮಾಡಿ ಹೋದಳು.

ತಾಳಿ ಕಟ್ಟುವ ಹೊತ್ತಿಗೆ ಎಡಗಣ್ಣು ಉರಿಯತೊಡಗಿತು. ತಡೆದುಕೊಂಡೆ. ಆಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರ. ನನ್ನ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗೆ ಕೊಡುತ್ತಿದ್ದಾರೆ. ಸುತ್ತ ಬರೀ ಮೊಬೈಲುಗಳು, ಎಲ್ಲವೂ ನನ್ನ ಕಣ್ಣಿನ ಕಡೆಗೇ.

ಆಗ ಸುರಿಯಿತು ನೋಡಿ ನೀರು... ಎಡಗಣ್ಣಿನಿಂದ ಮಾತ್ರ! ಬಲಗಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹೆಂಗಸರೆಲ್ಲ “ಅಯ್ಯೋ ಕಂದಾ” ಅಂತ ಸೆರಗು ಬಾಯಿಗಿಟ್ಟುಕೊಂಡರು. ದೊಡ್ಡಮ್ಮನ ಮುಖದಲ್ಲಿ ಎಲೆಕ್ಷನ್ ಗೆದ್ದ ಕಳೆ. ಅತ್ತೆ ತಮ್ಮ ನೆಂಟರ ಕಡೆ ನೋಡುತ್ತಾ “ಸಾಕವ್ವ, ಸಾಕು” ಅಂತ ಮೆಲ್ಲಗೆ ಅನ್ನುತ್ತಿದ್ದಾರೆ. ಫೋಟೋಗ್ರಾಫರ್ ಮಾತ್ರ, “ಮೇಡಮ್, ಸ್ವಲ್ಪ ಈ ಕಡೆ ತಿರುಗಿ, ಅಳೋ ಕಣ್ಣು ಬರ್ಲಿ” ಅಂತಾನೆ.

ಅವ್ವ ಅಳುತ್ತಿರಲಿಲ್ಲ. ಹತ್ತಿರ ಬಂದು ನನ್ನ ಗಲ್ಲ ಎತ್ತಿ ಒಂದು ಗಳಿಗೆ ನೋಡಿದಳು.

“ಗಮ್ಮು ಕಣ್ಣೊಳಕ್ಕೆ ಇಳ್ದದೆ ಕಣಮ್ಮಿ. ಏಳು, ತೊಳ್ಕಳನ ಬಾ.”

ದೊಡ್ಡಮ್ಮ ಹೌಹಾರಿದರು. “ಶಾಸ್ತ್ರ ನಡೀತಾ ಅದಲ್ಲೇ! ಜನ ಏನಂದಾರು?”

“ಶಾಸ್ತ್ರ ಒಸಿ ತಡೀಲಿ ಬುಡಕ್ಕ. ನನ್ ಮಗ್ಳ ಕಣ್ಣು ಉರೀತಾ ಅದೆ.”

ಕೈ ಹಿಡಿದು ಎಬ್ಬಿಸಿ, ತುಂಬಿದ ಛತ್ರದ ನಡುವೆ ನನ್ನನ್ನು ಎಳೆದುಕೊಂಡು ಹೊರಟೇಬಿಟ್ಟಳು. ಅತ್ತೆಯ ಕೈಯಲ್ಲಿ ಬರೀ ಹಾಲು ಉಳಿಯಿತು.

ಊಟದ ಮನೆಯ ಆಚೆ, ಕೈ ತೊಳೆಯುವ ನಲ್ಲಿಗಳ ಸಾಲು. ಅಡುಗೆಯವರ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು, ಬೆರಳ ತುದಿಯಲ್ಲಿ ಸವರಿ ಸವರಿ ಆ ರೆಪ್ಪೆ ಬಿಡಿಸಿದಳು. ಪಕ್ಕದಲ್ಲಿ ಯಾರೋ ಬಾಯಿ ಮುಕ್ಕಳಿಸುತ್ತಿದ್ದರು. ನಾನು ತಡೆಯಲಾರದೆ ಹೇಳಿಬಿಟ್ಟೆ: ಅವ್ವಾ, ನಾನು ಅಳದೇ ಇದ್ದರೆ ಜನ ನಿನ್ನನ್ನು ಅನ್ನುತ್ತಾರಂತೆ.

“ಅನ್ಲಿ ಬುಡು. ನೀ ನಕ್ಕಂಡು ಓಗು. ನಾ ಸಾಕಿದ್ದು ಅದ್ಕೇಯ.”

ಅಷ್ಟೇ. ನನಗೆ ಎರಡೂ ಕಣ್ಣು ತುಂಬಿ ಬಂತು. ನಲ್ಲಿ ಬಿಟ್ಟುಕೊಂಡು ಅವಳ ಹೆಗಲಿಗೆ ಮುಖ ಒತ್ತಿ ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಅವ್ವನೂ ಅತ್ತಳು. ಒಂದು ಮೊಬೈಲೂ ಹತ್ತಿರ ಇರಲಿಲ್ಲ.

ಮುಖ ತೊಳೆದು ವಾಪಸ್ ಬಂದಾಗ ಮನಸ್ಸು ಹಗುರವಾಗಿತ್ತು. ಶಾಸ್ತ್ರ ಮುಂದುವರಿಯಿತು, ನಾನು ನಗುತ್ತಾ ಕೂತೆ. ಜನ ಅನ್ನುವುದನ್ನು ಅಂದೇ ಅಂದರು. “ಅವ್ವ ಅಂದ್ರೆ ಇಂಗಿರ್ಬಾರ್ದು ಕಣ್ಲಾ, ಮಗ್ಳು ಅಳ್ತಿದ್ರೆ ಎಬ್ಬುಸ್ಕಂಡು ಓದ್ಲು” ಅಂತ ತೆರಕಣಾಂಬಿ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಮಾತು ನಡೆಯುತ್ತಿದೆಯಂತೆ.

ವಾಟ್ಸಾಪಿನಲ್ಲಿ ಓಡಾಡುತ್ತಿರುವುದು ಮಾತ್ರ ಗಮ್ಮಿನ ಅಳು. ಅದನ್ನು ನೋಡಿ ನಮ್ಮ ನೆಂಟರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ನಿಜ ಹೇಳಿ, ನಿಮ್ಮ ಮದುವೆ ವಿಡಿಯೋದಲ್ಲಿರುವ ಅಳುವಿನಲ್ಲಿ ನಿಮ್ಮದೆಷ್ಟು, ನೋಡುವವರದ್ದೆಷ್ಟು?